ಬುಡದ ಸಿಕ್ಕು

ನಾಯಿಯನ್ನು ಮನೆಗೆ ತಂದವಳು ಅಕ್ಕ. ದಿನಾ ಅದರ ಕಣ್ಣಂಚಿನ ಪಿಸುರು ಒರೆಸುವವಳು, ಕಿವಿಯೊಳಗೆ ಹತ್ತಿ ಆಡಿಸುವವಳು, ಉಗುರು ಕತ್ತರಿಸುವವಳು, ನೆಲ ಮುಟ್ಟುವ ಕೂದಲನ್ನು ಪದರ ಪದರವಾಗಿ ಎತ್ತಿ ಬುಡದಿಂದ ಬಾಚುವವಳೂ ಅಕ್ಕನೇ. ಆದ್ದರಿಂದಲೇ ನಾಯಿ ಅವಳನ್ನು ಕಂಡರೆ ಸೋಫಾದ ಕೆಳಗೆ ನುಸುಳುತ್ತಿತ್ತು. ಬಿಸ್ಕತ್ತು ಹಾಕುವುದು ಬಿಟ್ಟರೆ ಬೇರೇನೂ ಮಾಡದ ತಂಗಿ ಕೂತರೆ ಸಾಕು, ಅವಳ ತೊಡೆ ಏರಿ ಗೊರಕೆ ಹೊಡೆಯುತ್ತಿತ್ತು.

ಶಿಟ್ಜು ತಳಿ. ಅಪ್ಪ ಲೈಬ್ರರಿಯಿಂದ ನಾಯಿಗಳ ಪುಸ್ತಕ ತಂದು ಕನ್ನಡಕ ಏರಿಸಿಕೊಂಡು ಓದಿದ್ದ. "ಇದು ಬೇಟೆಗಲ್ಲ, ಕಾವಲಿಗೂ ಅಲ್ಲ. ಚೀನಾದ ಅರಮನೆಯಲ್ಲಿ ಸಾಕ್ತಿದ್ದ ಜಾತಿಯಂತೆ. ಮನುಷ್ಯರ ಮಡಿಲಲ್ಲಿ ಕೂರೋದೇ ಇದರ ಕೆಲಸ." ಅವತ್ತಿನಿಂದ ಅದರ ಹೆಸರು ದೊರೆ. ಎಲ್ಲರೂ ನಕ್ಕರು. ಅಕ್ಕನಿಗೆ ಮಾತ್ರ ಅಪ್ಪನ ಮಾತು ಚುಚ್ಚಿತು. ಇರುವುದೇ ಒಂದು ಕೆಲಸ, ಅದನ್ನೂ ತನಗೆ ಮಾಡುವುದಿಲ್ಲ.

ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ತಂಗಿಯನ್ನು ಊರಿನ ಇನ್ನೊಂದು ತುದಿಯ ಅಂಗಡಿಗೆ ಹಾಕಿದರು. ಅವಳು ಅಲ್ಲೇ ರೂಮು ನೋಡಿದಳು, ದೊರೆಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು.

"ತಂದಿದ್ದು ನಾನು," ಎಂದಳು ಅಕ್ಕ.

"ತಂದ್ರೆ ಆಯ್ತಾ? ನಿನ್ನ ನೋಡಿದ್ರೆ ಅದು ಓಡಿಹೋಗುತ್ತೆ. ಯಾವತ್ತಾದ್ರೂ ನಿನ್ನ ತೊಡೆ ಮೇಲೆ ಕೂತಿದೆಯಾ?"

ಅಪ್ಪ ಪೇಪರು ಮಡಚಿದ. "ಜಗಳ ಬೇಡ. ಹೊರಡೋ ದಿನ ಇಬ್ಬರೂ ನೆಲದ ಮೇಲೆ ಕೂತ್ಕೊಳ್ಳಿ. ಅದು ಯಾರ ಹತ್ರ ಬರುತ್ತೋ ಅವರು ಇಟ್ಕೊಳ್ಳಿ."

ಯಾರ ಹತ್ತಿರ ಹೋಗುತ್ತದೆಂದು ಮೂವರಿಗೂ ಗೊತ್ತಿತ್ತು. ಅಕ್ಕ ಒಳಗೆ ಹೋಗಿ ಬಾಚಣಿಗೆ ತಂದು ತಂಗಿಯ ಕೈಗಿಟ್ಟಳು. "ಸಾಕೋಳು ನೀನು ತಾನೆ? ಇವತ್ತಿಂದ ನೀನೇ ಬಾಚು." ಅವಳ ಲೆಕ್ಕ ಸರಳವಾಗಿತ್ತು. ಬಾಚುವವರನ್ನು ನಾಯಿ ದ್ವೇಷಿಸುತ್ತದೆ. ಇನ್ನು ಮೇಲೆ ತಂಗಿಯನ್ನೂ ದ್ವೇಷಿಸಲಿ.

ಲೆಕ್ಕ ತಪ್ಪಿತು. ತಂಗಿ ಬಾಚತೊಡಗಿದರೆ ದೊರೆ ಕಾಲು ಚಾಚಿ ನಿದ್ದೆ ಹೋಗುತ್ತಿತ್ತು.

"ನೋಡಿದ್ಯಾ, ಕೈಗುಣ ಕಣೇ," ಎಂದಳು ತಂಗಿ. "ನೀನು ಹಲ್ಲಿನ ಸೆಟ್ಟು ಉಜ್ಜಿದ ಹಾಗೆ ಉಜ್ತಿದ್ದೆ. ಪಾಪ, ಇದಕ್ಕೂ ಜೀವ ಇದೆ."

ಕಟ್ಟು ಹಲ್ಲು ತಯಾರಿಸುವ ಕಡೆ ಅಕ್ಕನ ಕೆಲಸ. ಕೂದಲೆಳೆಯಷ್ಟು ಏರುಪೇರಿದ್ದರೂ ಬೆರಳಿಗೆ ಗೊತ್ತಾಗುತ್ತಿತ್ತು. ತಂಗಿಯ ತೊಡೆಯ ಮೇಲೆ ಮಲಗಿದ್ದ ದೊರೆಯ ಕಿವಿಯ ಹಿಂದೆ ಒಂದು ಸಂಜೆ ಬೆರಳು ತೂರಿಸಿ ನೋಡಿದಳು. ಮೇಲೆ ರೇಷ್ಮೆಯಂತೆ ಹೊಳೆಯುತ್ತಿದ್ದ ಕೂದಲು ಬುಡದಲ್ಲಿ ಕಂಬಳಿಯಂತೆ ಒತ್ತಿಕೊಂಡಿತ್ತು. ತಂಗಿ ಮೇಲೆ ಮೇಲೆ ಬಾಚುತ್ತಿದ್ದಳು. ನೋವೇ ಇಲ್ಲ, ನಿದ್ದೆ ಬರದೇ ಇನ್ನೇನು.

"ಏನು ನೋಡ್ತಿದೀಯ?"

"ಏನಿಲ್ಲ. ಚೆನ್ನಾಗಿ ಹೊಳೀತಿದೆ."

ಬುಡದಿಂದ ಬಾಚು ಎಂಬ ಎರಡು ಮಾತು ಸಾಕಿತ್ತು. ಅವಳು ಆಡಲಿಲ್ಲ. ಮರುದಿನ ಯಾರದೋ ಮೇಲ್ದವಡೆಯ ಸೆಟ್ಟನ್ನು ಅರದಲ್ಲಿ ಉಜ್ಜುತ್ತ, ಆ ಗಂಟುಗಳು ಇನ್ನಷ್ಟು ಬಿಗಿಯಲಿ ಅಂದುಕೊಂಡಳು. ಎಳೆದಾಗ ನೋಯಲಿ. ನೋಯುವುದು ತಂಗಿಯ ಕೈಯಲ್ಲೇ ಆಗಲಿ.

ತಂಗಿ ಹೊರಡಬೇಕಿದ್ದ ವಾರ ಹಾಗೇ ಆಯಿತು. ಬಾಚಣಿಗೆ ಕಂಕುಳಿನ ಗಂಟಿಗೆ ಸಿಕ್ಕಿಬಿತ್ತು, ತಂಗಿ ಎಳೆದಳು. ದೊರೆ ಕಿರುಚಿ ಅವಳ ಹೆಬ್ಬೆರಳಿಗೆ ಬಾಯಿ ಹಾಕಿತು. ಅದರ ಹೊಟ್ಟೆ ಕೆರೆದು ಕೆರೆದು ಕೆಂಪಾಗಿತ್ತು. ಮೂಲೆಯಲ್ಲಿ ನಡುಗುತ್ತ ನಿಂತ ನಾಯಿಯನ್ನು ನೋಡಿ ತಂಗಿ ಅತ್ತಳು. ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡಳು. ಮೂರು ಬೀದಿ ಆಚೆ ನಾಯಿಗಳಿಗೆ ಸ್ನಾನ, ಕ್ಷೌರ ಮಾಡುವ ಅಂಗಡಿಯಿತ್ತು, ಇಬ್ಬರೂ ಅಲ್ಲಿಗೆ ಹೋದರು.

ಅಂಗಡಿಯವನು ಕೂದಲು ಸರಿಸಿ ನೋಡಿ ತಲೆಯಾಡಿಸಿದ. "ಬಿಡಿಸಕ್ಕಾಗಲ್ಲ ಮೇಡಂ. ಪೂರ್ತಿ ಬೋಳಿಸಬೇಕು. ಯಾರೂ ಒಳಗೆ ಕೈಯಿಟ್ಟು ನೋಡ್ಲಿಲ್ವಾ?"

"ನಾನು ದಿನಾ ಬಾಚ್ತಿದ್ದೆ," ಎಂದಳು ತಂಗಿ.

"ಬಾಚಿದೀರ, ಅದು ಕಾಣ್ತಿದೆ. ಮದುವೆ ಮನೆ ಹೊರಗಡೆ ಮಾತ್ರ ಸುಣ್ಣ ಹೊಡೆದ ಹಾಗಿದೆ."

ಅಕ್ಕ ಗೋಡೆಗೆ ನೇತುಹಾಕಿದ ಕತ್ತರಿಗಳನ್ನು ನೋಡುತ್ತಿದ್ದಳು. ಮಷೀನು ಗುಂಯ್ ಎಂದಾಗ ತಂಗಿ ಹೊರಗೆ ಹೋದಳು. ಅಕ್ಕ ದೊರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕೂದಲು ಬಿಡಿಬಿಡಿಯಾಗಿ ಬೀಳಲಿಲ್ಲ, ಒಂದೇ ಚಕ್ಕಳದಂತೆ ಕಳಚಿ ಬಂತು. ಕೆಳಗೆ ಬೆಕ್ಕಿನಷ್ಟು ಜೀವ, ಅಲ್ಲಲ್ಲಿ ಹುಣ್ಣು. ಅದರ ಎದೆ ಅವಳ ಅಂಗೈಗೆ ಹೊಡೆದುಕೊಳ್ಳುತ್ತಿತ್ತು.

ಹೊರಗೆ ಬಂದಾಗ ತಂಗಿ ಅದರತ್ತ ಕೈ ಚಾಚಲಿಲ್ಲ. "ನೀನೇ ಇಟ್ಕೋ ಅಕ್ಕ. ಪ್ರೀತಿ ಮಾಡೋದು ಬಿಟ್ಟು ನಂಗೇನೂ ಬರಲ್ಲ. ಅಲ್ಲಿ ಒಬ್ಬಳೇ ಇದ್ರೆ ಇದನ್ನ ಸಾಯ್ಸಿಬಿಡ್ತೀನಿ."

"ಹಾಗೆಲ್ಲ ಯಾಕಂತೀಯ," ಎನ್ನಬೇಕಿತ್ತು. ಅಕ್ಕ, "ಆಯ್ತು," ಎಂದಳು. ಸ್ವಲ್ಪ ಬೇಗನೇ ಎಂದಳು.

ತಂಗಿ ಹೋದಳು. ಯಾರೂ ನೆಲದ ಮೇಲೆ ಕೂರಬೇಕಾಗಲಿಲ್ಲ. ಅಕ್ಕ ಹುಣ್ಣಿಗೆ ಮುಲಾಮು ಹಚ್ಚಿದಳು, ಮೆತ್ತನೆಯ ಹಾಸಿಗೆ ತಂದಳು, ಅಪ್ಪನಿಗೆ ಕಾಣದಂತೆ ಬಿಸ್ಕತ್ತೂ ಹಾಕಿದಳು. ಬಾಚಲು ಈಗ ಕೂದಲೇ ಇರಲಿಲ್ಲ. ಆದರೂ ದೊರೆ ಬಿಸ್ಕತ್ತು ಕಚ್ಚಿಕೊಂಡು ಹೋಗಿ, ತಂಗಿ ಬಿಟ್ಟುಹೋದ ಸವೆದ ಚಪ್ಪಲಿಗೆ ಒರಗಿ ತಿನ್ನುತ್ತಿತ್ತು. ಅಕ್ಕ ಚಪ್ಪಲಿಯನ್ನು ಕಸದ ಡಬ್ಬಿಗೆ ಹಾಕಿದಳು. ಅದು ಚಪ್ಪಲಿಯಿದ್ದ ಜಾಗದಲ್ಲಿ ಮಲಗಿತು.

"ಚಪ್ಪಲಿ ಮೇಲೂ ಹೊಟ್ಟೆಕಿಚ್ಚಾ ನಿಂಗೆ," ಎಂದ ಅಪ್ಪ.

ಭಾನುವಾರ ಅವಳು ನೆಲದ ಮೇಲೆ ಕೂತು ಬೀನ್ಸ್ ಕತ್ತರಿಸುತ್ತಿದ್ದಾಗ ತಂಗಿಯ ಫೋನು ಬಂತು. ಕೈ ಒದ್ದೆಯಿತ್ತು. ಸ್ಪೀಕರಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡಳು.

"ಏನಕ್ಕಾ, ಊಟ ಆಯ್ತಾ?"

ದೊರೆ ಮೂಲೆಯಿಂದ ಎದ್ದು ಓಡಿ ಬಂತು. ಬೀನ್ಸ್ ತಟ್ಟೆ ದಾಟಿ ಅಕ್ಕನ ತೊಡೆ ಏರಿ ಫೋನಿಗೆ ಮೂಗು ಹಚ್ಚಿ ನಿಂತಿತು. ಅಕ್ಕ ಅಲುಗಾಡಲಿಲ್ಲ. ಅದರ ಮೈ ಇಷ್ಟು ಬಿಸಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ದೊರೆ ಹೇಗಿದೆ?"

"ಮಲಗಿದೆ," ಎಂದಳು.

"ಸರಿ, ಇಡ್ಲಾ? ಅಂಗಡಿಗೆ ಹೊರಡಬೇಕು."

ಮಾತು ನಿಂತಿತು. ದೊರೆ ಮುಂಗಾಲು ಕೆಳಗಿಟ್ಟಿತು.

"ಇರು, ಇರು," ಎಂದಳು ಅಕ್ಕ. ತಂಗಿಯ ಕೆಲಸದ ಬಗ್ಗೆ ಅವಳು ಯಾವತ್ತೂ ಏನೂ ಕೇಳಿದವಳಲ್ಲ. "ಅಲ್ಲಿ ಮಕ್ಕಳ ಶೂ ಎಲ್ಲಿಡ್ತಾರೆ? ಮೇಲಾ, ಕೆಳಗಾ?"

"ನಿಂಗ್ಯಾಕೆ ಅದು?"

"ಸುಮ್ನೆ ಹೇಳೇ."

ತಂಗಿ ಹೇಳತೊಡಗಿದಳು. ಮುಂಗಾಲು ಮತ್ತೆ ಮೇಲೆ ಬಂತು.

"ಆಮೇಲೆ?" ಎಂದಳು ಅಕ್ಕ. "ಗಂಡಸರದ್ದು?"