ಹೆಚ್ಚು ಪ್ರಶ್ನೆ ಕೇಳಿದ ಮನೆ

ಕಟಿಂಗ್ ಶಾಪಿನಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದು ನಿಮಗೂ ಗೊತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ಯಜಮಾನರ ಮಗಳ ಫೋನಿಗೆ ಎರಡು ಪತ್ರ ಬಂದವು. ಹತ್ತು ಗಂಟೆಗೆಲ್ಲ ಇಡೀ ಬೀದಿಗೆ ಸುದ್ದಿ ಮುಟ್ಟಿತ್ತು. ಯಜಮಾನರ ಮಗಳು ಹೊರದೇಶಕ್ಕೆ ಹೋಗುತ್ತಾಳಂತೆ! ಸಂಬಳಕ್ಕಲ್ಲವಂತೆ, ಸೇವೆಗಂತೆ! ಮನೆಯಲ್ಲಿ ಇರಲಾಗದ ಮಕ್ಕಳನ್ನು ಸಾಕುವ ಒಂದು ಮಕ್ಕಳ ಮನೆಯಲ್ಲಿ ತಲೆಕೂದಲು ಕತ್ತರಿಸುವ ಸೇವೆಯಂತೆ!

ಮಗಳಿಗೆ ಇಪ್ಪತ್ತಾರು ವರ್ಷ. ಎಂಟು ವರ್ಷದಿಂದ ಅಪ್ಪನ ಪಕ್ಕದ ಕುರ್ಚಿ ಅವಳದು. ಕತ್ತರಿ ಕಂಡರೆ ಕಿರುಚಿ ಊರು ಒಂದು ಮಾಡುವ ಮಗುವೂ ಅವಳ ಕೈಗೆ ಸಿಕ್ಕರೆ ಕಿಲಕಿಲ ನಗುತ್ತದೆ. ಈ ಕೈಚಳಕವನ್ನು ಯಾರೂ ಇಲ್ಲದ ಮಕ್ಕಳಿಗೆ ಒಮ್ಮೆ ಕೊಡಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದಳು. ಈಗ ಅಂಗಡಿಗೆ ಹೊಸ ಕೆಲಸಗಾರರೊಬ್ಬರು ಬಂದಿದ್ದರಿಂದ ಅಪ್ಪ ಮೂರು ತಿಂಗಳು ಬಿಡುವು ಕೊಡಲು ಒಪ್ಪಿದ್ದರು. ಹೋದರೆ ಈಗಲೇ ಹೋಗಬೇಕು. ಸಂಜೆಯೊಳಗೆ ಉತ್ತರವನ್ನೂ ಕಳಿಸಬೇಕು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಓದೇ, ಓದು. ಎಲ್ಲರೂ ಕೇಳಲಿ," ಎಂದರು ಅಪ್ಪ. ಅವರ ಕುರ್ಚಿಯಲ್ಲಿ ಪೋಸ್ಟ್‌ಮ್ಯಾನ್ ಕೂತಿದ್ದರು. ಅವರ ಅರ್ಧ ಮುಖ ಶೇವ್ ಆಗಿತ್ತು, ಇನ್ನರ್ಧದಲ್ಲಿ ನೊರೆ.

ಮಗಳು ಎರಡು ಮಕ್ಕಳ ಮನೆಗಳಿಗೆ ಬರೆದಿದ್ದಳು. ಮೊದಲನೆಯದರ ಪತ್ರ ಸಿಹಿಯಾಗಿತ್ತು. ಬರುವ ಸೋಮವಾರವೇ ಬನ್ನಿ. ಎರಡು ವಾರ ಇದ್ದರೂ ಸಾಕು. ನಾವು ಯಾವ ದಾಖಲೆಯನ್ನೂ ಕೇಳುವುದಿಲ್ಲ, ಪ್ರೀತಿಯಿದ್ದರೆ ಆಯಿತು. ಫೋಟೊ ಎಷ್ಟು ಬೇಕಾದರೂ ತೆಗೆಯಿರಿ. ಜೊತೆಗೆ ಹನ್ನೆರಡು ಮಕ್ಕಳ ನಗುಮುಖದ ಚಿತ್ರವಿತ್ತು. ಅದರ ಕೆಳಗೆ, "ನಿಮಗಿಷ್ಟವಾದ ಮಗುವನ್ನು ಆರಿಸಿಕೊಳ್ಳಿ" ಎಂಬ ಸಾಲು.

"ನೋಡಿ, ಇದು ದೊಡ್ಡ ಮನಸ್ಸು ಅಂದ್ರೆ!" ಎಂದರು ಅಪ್ಪ.

ಎರಡನೆಯದು ಪತ್ರವೋ ಪರೀಕ್ಷೆಯೋ ತಿಳಿಯದಂತಿತ್ತು. ನಾಲ್ಕು ಪುಟದ ಪ್ರಶ್ನೆಗಳು. ಪೊಲೀಸರಿಂದ ಸರ್ಟಿಫಿಕೇಟ್ ತನ್ನಿ. ನಿಮ್ಮನ್ನು ಬಲ್ಲ ಇಬ್ಬರ ಫೋನ್ ನಂಬರ್ ಕೊಡಿ, ನಾವೇ ಮಾತಾಡುತ್ತೇವೆ. ಮೂರು ತಿಂಗಳಿಗಿಂತ ಕಡಿಮೆಯಾದರೆ ಬರಬೇಡಿ. ಯಾವ ಮಗುವಿನ ಜೊತೆಗೂ ಒಬ್ಬರೇ ಇರುವಂತಿಲ್ಲ. ಮಕ್ಕಳ ಫೋಟೊ ತೆಗೆಯುವಂತಿಲ್ಲ. ಕೊನೆಯ ಸಾಲು ಓದುವಾಗ ಮಗಳ ದನಿ ಇಳಿಯಿತು. ಮಕ್ಕಳ ಕೂದಲನ್ನು ನೀವು ಕತ್ತರಿಸುವುದು ಬೇಡ, ನಮ್ಮ ಇಬ್ಬರು ಆಯಾಗಳಿಗೆ ಕಲಿಸಿಕೊಡಿ ಎಂದು ಬರೆದಿದ್ದರು.

ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಪೊಲೀಸ್ ಸರ್ಟಿಫಿಕೇಟಾ? ನನ್ನ ಮಗಳೇನು ಕಳ್ಳಿನಾ? ಮೂವತ್ತು ವರ್ಷದಿಂದ ಈ ಬೀದಿ ನನ್ನ ಕೈಗೆ ಕುತ್ತಿಗೆ ಕೊಟ್ಟಿದೆ. ಒಬ್ಬರಾದ್ರೂ ಸರ್ಟಿಫಿಕೇಟ್ ಕೇಳಿದ್ದಾರಾ?"

"ಇಲ್ಲ ಯಜಮಾನ್ರೇ, ಖಂಡಿತ ಇಲ್ಲ. ಆದ್ರೆ ಕತ್ತಿ ಕೆಳಗಿಟ್ಟು ಮಾತಾಡಿ," ಎಂದು ಪೋಸ್ಟ್‌ಮ್ಯಾನ್ ಅಂಗಲಾಚಿದರು.

ಅಷ್ಟರಲ್ಲಿ ತುದಿಬೀದಿಯ ಕ್ಲಿನಿಕ್ಕಿನ ನರ್ಸಮ್ಮ ಬಂದರು. ತಿಂಗಳಿಗೊಮ್ಮೆ ಅವರ ಕೂದಲು ಕತ್ತರಿಸುವುದು ಮಗಳೇ. ಎರಡೂ ಪತ್ರ ಓದಿ ನರ್ಸಮ್ಮ ಕನ್ನಡಕ ತೆಗೆದರು.

"ಅಣ್ಣ, ನಿಮಗೆ ಸಿಟ್ಟು ಬಂದ್ರೂ ಸರಿ, ಹೇಳಿಬಿಡ್ತೀನಿ. ಇಷ್ಟೆಲ್ಲ ಪ್ರಶ್ನೆ ಕೇಳಿದ ಆ ಮನೆಗೇ ಇವಳು ಹೋಗಲಿ. ಆ ಇನ್ನೊಂದರ ಹೊಸ್ತಿಲೂ ತುಳಿಯೋದು ಬೇಡ."

"ಅದ್ಯಾಕಮ್ಮ? ಕರೆದು ಕೂರಿಸೋರು ಕೆಟ್ಟೋರು, ಬೈದು ಕಳಿಸೋರು ಒಳ್ಳೆಯೋರಾ?"

"ಬೆಳ್ಳಗಿರೋದೆಲ್ಲ ಹಾಲಲ್ಲ ಅಣ್ಣ. ಇಪ್ಪತ್ತೆರಡನೇ ವಯಸ್ಸಲ್ಲಿ ನಾನೂ ಇಂಥದೇ ಒಂದು ಮನೆಗೆ ಹೋಗಿದ್ದೆ. ಅಲ್ಲೂ ಯಾರೂ ಏನೂ ಕೇಳ್ಲಿಲ್ಲ. ಹೋಗಿ ಒಂದು ಗಂಟೆ ಆಗಿಲ್ಲ, ಐದು ವರ್ಷದ ಹುಡುಗಿ ಬಂದು ತೊಡೆ ಮೇಲೆ ಕೂತು ಅಮ್ಮ ಅಂದ್ಲು. ನಾನು ಕರಗಿ ನೀರಾದೆ. ಹದಿನೈದು ದಿನ ಅವಳನ್ನ ಸೊಂಟದಿಂದ ಇಳಿಸಲೇ ಇಲ್ಲ. ಹೊರಡೋ ದಿನ ಮತ್ತೆ ಯಾವಾಗ ಬರ್ತೀಯಾ ಅಂತ ಕೇಳ್ತಾಳೆ ಅಂದ್ಕೊಂಡಿದ್ದೆ. ಅವಳು ಏನು ಕೇಳಿದ್ಲು ಗೊತ್ತಾ? 'ನಾಳೆ ಯಾರು ಬರ್ತಾರೆ?'"

ಅಪ್ಪ ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟರು.

"ಅವಳಿಗೆ ನಾನು ಹನ್ನೊಂದನೇ ಅಮ್ಮನೋ ಹನ್ನೆರಡನೇ ಅಮ್ಮನೋ. ಆಮೇಲೆ ತಿಳೀತು, ಹೆತ್ತ ತಾಯಿ ಎರಡು ಗಂಟೆ ಬಸ್ ದಾರೀಲೇ ಇದ್ದಾಳೆ. ಓದಿಸ್ತೀವಿ ಅಂತ ಹೇಳಿ ಆ ಮನೆಯವರೇ ಮಗುನ ಕರ್ಕೊಂಡು ಬಂದಿದ್ರು. ನಮ್ಮಂಥೋರು ಬಂದು ಮುದ್ದು ಮಾಡೋಕೆ ಮಕ್ಕಳು ಬೇಕಲ್ಲ, ಅದಕ್ಕೆ!"

ಅಪ್ಪ ಮೆತ್ತಗಾದರು. ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಅವರು. "ಅಲ್ಲಮ್ಮ, ಅಲ್ಲಿ ಹಾಗಾಯ್ತು ಅಂತ ಇವಳ ಮೇಲೆ ಅನುಮಾನ ಪಡೋದಾ?"

ಆಗಲೇ ಮೂಲೆಯಲ್ಲಿ 'ಢಬ್' ಎಂದಿತು. ಪೋಸ್ಟ್‌ಮ್ಯಾನ್ ಕುರ್ಚಿಯಿಂದ ಅರ್ಧ ಎದ್ದರು. ನೋಡಿದರೆ ಹೊಸ ಕೆಲಸಗಾರರ ಕೈಯಲ್ಲಿ ಕತ್ತಿ, ಮೀಸೆಯ ತುಂಬ ನೊರೆ. ಬಲೂನಿಗೆ ಸೋಪು ಹಚ್ಚಿ, ಒಡೆಯದ ಹಾಗೆ ನೊರೆ ಕೆರೆಯುತ್ತಿದ್ದವರು ಅದನ್ನು ಒಡೆದಿದ್ದರು.

"ಇವರ್ಯಾಕೆ ಬಲೂನಿಗೆ ಶೇವ್ ಮಾಡ್ತಿದ್ದಾರೆ?" ನರ್ಸಮ್ಮ ಕೇಳಿದರು.

"ಹೊಸಬ. ಬಂದು ಮೂರು ವಾರ ಆಯ್ತು."

"ಕೆಲಸ ಬರಲ್ವಾ?"

"ಹದಿನೈದು ವರ್ಷದ ಅನುಭವ ಅಂತಾನೆ. ಹಳೇ ಯಜಮಾನರಿಗೂ ಫೋನ್ ಮಾಡಿ ವಿಚಾರಿಸಿದೀನಿ. ಆದ್ರೂ ನನ್ನ ಕಣ್ಣಾರೆ ನೋಡೋವರೆಗೂ ಗಿರಾಕಿ ಕುತ್ತಿಗೆ ಮುಟ್ಟೋಕೆ ಬಿಡಲ್ಲ. ಅವನು ಒಳ್ಳೆಯವನೇ ಇರಬಹುದಮ್ಮ. ಆದ್ರೆ ನನ್ನನ್ನ ನಂಬಿ ಕಣ್ಣು ಮುಚ್ಚಿ ಕೂತಿರೋದು ಗಿರಾಕಿ..."

ಮಾತು ಅಲ್ಲಿಗೇ ನಿಂತಿತು. ತಮ್ಮ ಬಾಯಿಂದ ಬಂದ ಮಾತು ತಮ್ಮ ಕಿವಿಗೇ ಬಿದ್ದಿತ್ತು. ಹೊಸ ಕೆಲಸಗಾರರೇ ಮೀಸೆ ಒರೆಸಿಕೊಂಡು ಹೇಳಿದರು: "ನನಗೂ ಮೊದಲು ಅವಮಾನ ಅನ್ನಿಸಿತ್ತು ಯಜಮಾನ್ರೇ. ನಾಲ್ಕು ದಿನ ಆದ್ಮೇಲೆ ಇದು ಒಳ್ಳೇ ಅಂಗಡಿ ಅಂತ ಗೊತ್ತಾಯ್ತು."

ಅಪ್ಪ ಮುಖ ಕೆಂಪಗೆ ಮಾಡಿಕೊಂಡು ನಕ್ಕುಬಿಟ್ಟರು. ಮಗಳು ಮಾತ್ರ ಮುಖ ಊದಿಸಿಕೊಂಡಿದ್ದಳು.

"ಅದೆಲ್ಲ ಸರಿ ಅಕ್ಕ. ಆದ್ರೆ ನಾನೇ ಕತ್ತರಿಸಬಾರದು ಅಂದ್ರೆ ಅಷ್ಟು ದೂರ ಹೋಗಿ ಏನು ಮಾಡ್ಲಿ?"

"ನೀನು ಮೂರು ತಿಂಗಳಿಗೆ ವಾಪಸ್ ಬರ್ತೀಯ. ಮಕ್ಕಳ ಕೂದಲು ಆಮೇಲೂ ಬೆಳೆಯುತ್ತಲ್ಲೇ?"

ಮಗಳಿಗೂ ನಗು ಬಂತು. ನರ್ಸಮ್ಮ ಹೇಳಿಕೊಟ್ಟಂತೆ ಆಗಲೇ ಮೊದಲ ಮನೆಗೆ ಮೂರು ಪ್ರಶ್ನೆ ಬರೆದು ಕಳಿಸಿದಳು. ನಿಮ್ಮಲ್ಲಿ ತಂದೆತಾಯಿ ಇರುವ ಮಕ್ಕಳೆಷ್ಟು? ಹೊರಗಿನವರು ಬಾರದ ದಿನ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ನಿಮ್ಮ ಮನೆಯನ್ನು ತಪಾಸಣೆ ಮಾಡುವ ಅಧಿಕಾರಿಗಳು ಯಾರು? ಪೋಸ್ಟ್‌ಮ್ಯಾನರ ಇನ್ನರ್ಧ ಮುಖ ಮುಗಿಯುವುದರೊಳಗೆ ಉತ್ತರ ಬಂತು. "ಅದೆಲ್ಲ ಬಂದ ಮೇಲೆ ಮಾತಾಡೋಣ, ಮೊದಲು ಹಣ ಕಳಿಸಿ."

"ಹಣಾನಾ? ಪ್ರೀತಿ ಇದ್ರೆ ಸಾಕು ಅಂದಿದ್ರಲ್ಲ!" ಎಂದು ಅಪ್ಪ ಗುಡುಗಿದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ನಡಿ ಮಗಳೇ, ಪೊಲೀಸ್ ಸ್ಟೇಷನ್ನಿಗೆ!" ಅಪ್ಪ ಮಗಳು ಇಷ್ಟೊಂದು ಖುಷಿಯಿಂದ ಪೊಲೀಸ್ ಸ್ಟೇಷನ್ನಿಗೆ ಹೋದದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

ಸರ್ಟಿಫಿಕೇಟ್ ಬಂತು. ಪ್ರಶ್ನೆ ಕೇಳಿದ ಮನೆಯವರು ನರ್ಸಮ್ಮನಿಗೂ ಪೋಸ್ಟ್‌ಮ್ಯಾನಿಗೂ ಫೋನ್ ಮಾಡಿ ಅರ್ಧರ್ಧ ಗಂಟೆ ವಿಚಾರಿಸಿದರು. ಮಗಳು ವಿಮಾನ ಹತ್ತಿದಳು. ವಾರಕ್ಕೊಮ್ಮೆ ಅವಳು ವಿಡಿಯೊ ಕರೆ ಮಾಡಿದಾಗ ಅಂಗಡಿಯಲ್ಲಿ ಕೆಲಸವೇ ನಿಲ್ಲುತ್ತಿತ್ತು. ಮಕ್ಕಳನ್ನು ತೋರಿಸುವಂತಿಲ್ಲವಲ್ಲ, ಆಯಾಗಳನ್ನು ತೋರಿಸುತ್ತಿದ್ದಳು. ಅವರಿಬ್ಬರೂ ಒಬ್ಬರ ತಲೆಯ ಮೇಲೆ ಒಬ್ಬರು ಕಲಿಯುತ್ತಿದ್ದರು. ಎರಡನೇ ವಾರ ದೊಡ್ಡ ಆಯಾ ಸೊಟ್ಟ ಮುಂಗೂದಲಿನಲ್ಲಿ ನಗುತ್ತ ನಿಂತಾಗ ಅಪ್ಪ ಇಲ್ಲಿಂದಲೇ ಕೂಗಿದರು: "ಬಾಚಣಿಗೆ ಓರೆ ಹಿಡೀಬೇಡಿ ತಾಯಿ!"

ಮೂರು ತಿಂಗಳು ಮುಗಿದ ದಿನ ವಿಮಾನ ನಿಲ್ದಾಣದಿಂದ ಫೋನ್ ಬಂತು.

"ಅಪ್ಪಾ, ಹೊರಟೆ. ಒಂದು ಮಗುನೂ ಅಳ್ಲಿಲ್ಲ!"

ಅಪ್ಪನ ಮುಖ ಬಾಡಿತು. "ಒಂದೂ ಇಲ್ವಾ? ಮೂರು ತಿಂಗಳು ಇದ್ದೆಯಲ್ಲೇ!"

"ಕೇಳಪ್ಪ. ಕತ್ತರಿ ಕಂಡ್ರೆ ಅತ್ತೂ ಅತ್ತೂ ಗಂಟಲು ಕಟ್ಟಿಸಿಕೊಳ್ತಿದ್ದ ಹುಡುಗಿ ಒಬ್ಬಳಿದ್ಲು. ಇವತ್ತು ತಾನೇ ಹೋಗಿ ಆಯಾ ಮುಂದೆ ಕೂತ್ಕೊಂಡ್ಲು. ನಾನು ಬರ್ತೀನಿ ಅಂದ್ರೆ ನನಗೆ ಟಾಟಾ ಮಾಡಿ, ತಿರುಗಿ, 'ಆಯಾ, ಚಿಕ್ಕದಾಗಿ ಕತ್ತರಿಸು' ಅಂದ್ಲು. ಅವಳಿಗೆ ಅವಳ ಆಯಾ ಇದ್ದಾಳಪ್ಪ. ನಾಳೆನೂ ಇರ್ತಾಳೆ." ಇಷ್ಟು ಹೇಳುವಷ್ಟರಲ್ಲಿ ಮಗಳೇ ಅಳುತ್ತಿದ್ದಳು, ಖುಷಿಗೆ.

ಅಪ್ಪ ಅಂಗಡಿಯೆಲ್ಲ ಕೇಳುವಂತೆ ಕೂಗಿ ಹೇಳಿದರು: "ಕೇಳಿಸ್ಕೊಳ್ಳಿ! ನನ್ನ ಮಗಳು ಹೊರಟಾಗ ಒಂದು ಮಗುನೂ ಅಳ್ಲಿಲ್ಲವಂತೆ!" ಹಾಗೆ ಎದೆಯುಬ್ಬಿಸಿ ಹೇಳುವುದನ್ನು ಅವರು ಇವತ್ತಿಗೂ ನಿಲ್ಲಿಸಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳಿಗಾಗಿ ದೂರದೇಶಕ್ಕೆ ಹೋಗುವ ಮನಸ್ಸು ನಿಮಗಿದ್ದರೆ ಖಂಡಿತ ಹೋಗಿ. ಕೈಯಲ್ಲಿರುವ ಕಸುಬನ್ನು ಜೊತೆಗೊಯ್ಯಿರಿ, ಅದನ್ನು ಅಲ್ಲೇ ಉಳಿಯುವವರಿಗೆ ಕಲಿಸಿ ಬನ್ನಿ. ಮಕ್ಕಳ ಮುಖವನ್ನು ಫೋಟೊದಲ್ಲಿ ಊರಿಗೆಲ್ಲ ಹಂಚಬೇಡಿ. ತಾಯಿಯಿರುವ ಮಗು ತಾಯಿಯ ಬಳಿಯೇ ಬೆಳೆಯಲು ದುಡಿಯುವವರು ಸಿಕ್ಕರೆ ಮೊದಲು ಅವರಿಗೆ ಕೈಜೋಡಿಸಿ. ನಿಮ್ಮನ್ನು ನಾಲ್ಕು ಪುಟ ಪ್ರಶ್ನೆ ಕೇಳಿದರೆ ಬೇಸರಪಡದೆ ಉತ್ತರ ಬರೆಯಿರಿ. ನಿಮ್ಮನ್ನು ಏನೂ ಕೇಳದೆ ಒಳಗೆ ಬಿಟ್ಟವರು ಯಾರನ್ನು ಬೇಕಾದರೂ ಒಳಗೆ ಬಿಡುತ್ತಾರೆ. ಒಳಗಿರುವುದು ಮಕ್ಕಳು.