ಬಿಟ್ಟುಕೊಡುವ ಶಾಸ್ತ್ರ

ಫೋನು ಸಿಗದ ಜಾಗಕ್ಕೆ ಹೋಗಬೇಕೆಂದು ಯಾರಿಗಾದರೂ ಮನಸ್ಸಾದರೆ ನಮ್ಮ ಕಾಫಿ ಸೀಮೆಯಲ್ಲಿ ಹೆಚ್ಚು ಕಷ್ಟಪಡಬೇಕಾಗಿಲ್ಲ. ಯಾವ ತಿರುವಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಬರುತ್ತದೆ, ಯಾವ ಇಳಿಜಾರಿನಲ್ಲಿ ಅದೂ ಹೋಗುತ್ತದೆ ಎನ್ನುವುದು ಇಲ್ಲಿಯವರಿಗೆ ಬಾಯಿಪಾಠ. ಎಲ್ಲರೂ ಫೋನು ಸಿಗುವ ಜಾಗ ಹುಡುಕಿಕೊಂಡು ಗುಡ್ಡ ಹತ್ತುವವರೇ. ಜನವರಿಯ ಕೊನೆಯ ಆ ಬೆಳಿಗ್ಗೆ ರೇಣುಕಪ್ರಸಾದರು ಮಾತ್ರ ಸಿಗದ ಜಾಗ ಹುಡುಕಿಕೊಂಡು ಹೊರಟರು.

ಅವರಿಗೆ ಚಿಕ್ಕಮಗಳೂರಿನಲ್ಲಿ ತೋಟದ ಸಾಮಾನಿನ ಅಂಗಡಿ. ಕತ್ತರಿ, ಕತ್ತಿ, ಸ್ಪ್ರಿಂಕ್ಲರ್ ಪೈಪು, ಕಾಫಿ ಕೊಯ್ಯುವ ಚೀಲ. ಕೊಯ್ಲಿನ ಕಾಲದಲ್ಲಿ ಅಂಥ ಅಂಗಡಿ ಬಿಟ್ಟು ಊರು ಸುತ್ತಲು ಹೊರಡುವ ವ್ಯಾಪಾರಿ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಅವರು ವ್ಯಾನಿನ ಕೀ ಕೈಗೆತ್ತಿಕೊಂಡಾಗ ಹೆಂಡತಿ ರಜನಿ ಬಾಗಿಲಿಗೆ ಬಂದರು.

"ಕಳಸಕ್ಕಾ? ಇವತ್ತೇ ಎಂತಕ್ಕೆ?"

"ಕೇಶವಣ್ಣನ್ನ ನೋಡಿ ವರ್ಷ ಆಯ್ತು."

"ಬ್ರೇಕು ಸರಿಯಾಗಿ ಹಿಡೀತಿಲ್ಲ ಅಂತ ನಿನ್ನೆ ನೀವೇ ದರ್ಶನ್ ಹತ್ರ ಹೇಳ್ತಿದ್ರಿ."

"ನಿಧಾನಕ್ಕೆ ಹೋಗ್ತೀನಿ ಬಿಡು," ಎಂದು ಅವರು ಗಾಡಿ ಏರಿಯೇಬಿಟ್ಟರು. ದರ್ಶನ್ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಅಲ್ಲಿ ನಿಲ್ಲುವ ಧೈರ್ಯ ಅವರಿಗೆ ಇರಲಿಲ್ಲ.

ವಿಷಯ ಇಷ್ಟೇ. ರೇಣುಕಪ್ರಸಾದರು ಮಲ್ಲಂದೂರು ಯಂಗ್ ಫ್ರೆಂಡ್ಸ್ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಯಂಗ್ ಎನ್ನುವುದು ಹೆಸರಿಗೆ ಮಾತ್ರ. ಸಮಿತಿಯಲ್ಲಿ ಮಂಡಿನೋವಿಲ್ಲದವರು ಒಬ್ಬರೂ ಇಲ್ಲ. ಆದರೆ ಆಡುವ ಹುಡುಗರು ಗಟ್ಟಿಗರು. ಎರಡನೇ ಡಿವಿಷನ್ನಿನಲ್ಲೇ ಹುಟ್ಟಿ ಅಲ್ಲೇ ಬೇರು ಬಿಟ್ಟಿದ್ದ ಈ ತಂಡ ಈ ವರ್ಷ ಮೊದಲ ಸಲ ಮೇಲಕ್ಕೆ ಏರುವ ಲಕ್ಷಣ ಕಾಣಿಸುತ್ತಿತ್ತು. ಅದಕ್ಕೆ ಕಾರಣ ದರ್ಶನ್ ಎಂಬ ಹುಡುಗನ ಎಡಗಾಲು. ಮಂಗಳೂರಿನ ದೊಡ್ಡ ಕ್ಲಬ್ಬೊಂದು ಆ ಎಡಗಾಲನ್ನು ಕಂಡು ನಮಗೆ ಬೇಕು ಎಂದಿತ್ತು. ಈಗ ಇದೆಲ್ಲ ಫೋನಿನಲ್ಲೇ ಮುಗಿಯುತ್ತದೆ. ಹೊಸ ಕ್ಲಬ್ಬು ಕೋರಿಕೆ ಕಳಿಸುತ್ತದೆ, ಹಳೆಯ ಕ್ಲಬ್ಬಿನ ಕಾರ್ಯದರ್ಶಿ 'ಒಪ್ಪಿಗೆ' ಎಂಬಲ್ಲಿ ಬೆರಳು ಒತ್ತುತ್ತಾನೆ, ಹುಡುಗ ಹೊರಡುತ್ತಾನೆ. ಈ ಸಲದ ವರ್ಗಾವಣೆಗೆ ಆ ದಿನ ಸಂಜೆಯೇ ಕೊನೆ. ಒತ್ತದಿದ್ದರೆ ದರ್ಶನ್ ಇನ್ನೊಂದು ವರ್ಷ ಮಲ್ಲಂದೂರಿನವನಾಗಿಯೇ ಇರುತ್ತಾನೆ. ಮಂಗಳೂರಿನವರು ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಾರೆ.

ಇಲ್ಲ ಎನ್ನಲು ರೇಣುಕಪ್ರಸಾದರಿಗೆ ಬಾಯಿ ಬರುತ್ತಿರಲಿಲ್ಲ, ಹೂಂ ಎನ್ನಲು ಮನಸ್ಸು ಬರುತ್ತಿರಲಿಲ್ಲ. ಫೋನು ಸಿಗಲಿಲ್ಲ ಎಂದುಬಿಟ್ಟರೆ ಯಾರೂ ಯಾರನ್ನೂ ದೂರುವಂತಿಲ್ಲ. ಈ ಕಡೆ ಅದು ಮಳೆ ಬಂತು ಎಂದ ಹಾಗೆ.

ಅವರನ್ನು ಸ್ವಾರ್ಥಿ ಎಂದು ತಳ್ಳಿಹಾಕುವ ಮೊದಲು ಇದನ್ನೂ ಕೇಳಬೇಕು. ದರ್ಶನನನ್ನು ಕಂಡುಹಿಡಿದವರೇ ಅವರು. ಮೂಡಿಗೆರೆಯ ಒಂದು ಮದುವೆಗೆ ಹೋಗಿದ್ದಾಗ ಛತ್ರದ ಹಿಂದೆ ಮಕ್ಕಳ ಜೊತೆ ಪ್ಲಾಸ್ಟಿಕ್ ಚೆಂಡು ಒದೆಯುತ್ತಿದ್ದ, ಬಿಳಿ ಪಂಚೆ ಎತ್ತಿ ಕಟ್ಟಿಕೊಂಡ ಹುಡುಗನೊಬ್ಬ ಕಣ್ಣಿಗೆ ಬಿದ್ದ. ಅಷ್ಟು ಮಕ್ಕಳು ಮುತ್ತಿಕೊಂಡರೂ ಚೆಂಡು ಅವನ ಎಡಗಾಲು ಬಿಟ್ಟು ಹೋಗುತ್ತಿರಲಿಲ್ಲ. ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತರೂ ರೇಣುಕಪ್ರಸಾದರು ಊಟಕ್ಕೆ ಬರಲಿಲ್ಲ. ಹೋಳಿಗೆ ತಪ್ಪಿಸಿಕೊಂಡ ಗಂಡನನ್ನು ರಜನಿ ಇವತ್ತಿಗೂ ಛೇಡಿಸುತ್ತಾರೆ. ಆಟಗಾರರನ್ನು ಹುಡುಕಲು ಅವರಿಗೆ ಗೊತ್ತಿದ್ದುದು ಅದೊಂದೇ ದಾರಿ: ಜನ ಸೇರುವ ಕಡೆ ಹೋಗು, ಕಾಲು ನೋಡು.

ಅದು ಅವರು ಹಳಬರಿಂದ ಕಲಿತದ್ದು. ಅವರ ಕಾಲದಲ್ಲಿ ಎಸ್ಟೇಟಿಗೆ ಎಸ್ಟೇಟು, ಊರಿಗೆ ಊರು ಫುಟ್‌ಬಾಲಿನ ಹುಚ್ಚು ಹಿಡಿಸಿಕೊಂಡಿತ್ತು. ಒಳ್ಳೆಯ ಆಟಗಾರ ಬೇಕೆಂದರೆ ಅವನಿಗೆ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ ಕೊಟ್ಟು ಕರೆತರುತ್ತಿದ್ದರು. ಸಾಹುಕಾರರು ಮೊದಲು ಯಾವ ಕಾಲು ಎಂದು ಕೇಳಿ, ಆಮೇಲೆ ಮಗ್ಗಿ ಬರುತ್ತದಾ ಎಂದು ವಿಚಾರಿಸುತ್ತಿದ್ದರು. ಮಗ್ಗಿ ಬರದ ಗೋಲ್‌ಕೀಪರ್ ರೈಟರುಗಳಿಂದ ಎಷ್ಟು ತೋಟಗಳ ಹಾಜರಿ ಹದಗೆಟ್ಟಿತ್ತೋ ದೇವರೇ ಬಲ್ಲ. ಆದರೆ ಕದ್ದು ಕರೆದೊಯ್ಯುವಂತಿರಲಿಲ್ಲ. ಬೇಕಾದವರು ಎಲೆ ಅಡಿಕೆ, ತೆಂಗಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಆ ಊರಿನ ಮೈದಾನಕ್ಕೇ ಬಂದು 'ಕೇಳಬೇಕು'. ಒಪ್ಪಿದರೆ ಹಳೆಯ ತಂಡದ ಕ್ಯಾಪ್ಟನ್ ಹುಡುಗನ ಕೈ ಹಿಡಿದು ನಡುಗೆರೆಯವರೆಗೆ ಕರೆತಂದು ಒಪ್ಪಿಸಬೇಕು. ಬಿಟ್ಟುಕೊಡುವ ಶಾಸ್ತ್ರ ಎಂದರೆ ಅದು.

ರೇಣುಕಪ್ರಸಾದರನ್ನೂ ಹಾಗೇ ಕೇಳಿದ್ದರು. ಕಳಸದ ಅಂಗಡಿಯವರ ಮಗ, ಮೀಸೆ ಆಗಷ್ಟೇ ಬಲಿತಿತ್ತು, ಭದ್ರಾ ಬಾಯ್ಸ್ ತಂಡದ ಫಾರ್ವರ್ಡ್. ಕ್ಯಾಪ್ಟನ್ ಚನ್ನಕೇಶವ, ಎಲ್ಲರ ಬಾಯಲ್ಲಿ ಕೇಶವಣ್ಣ. ಮಲ್ಲಂದೂರಿನವರು ತಟ್ಟೆ ಹಿಡಿದು ಬಂದ ದಿನ ಕೇಶವಣ್ಣ ನಡುಗೆರೆಯಲ್ಲಿ ನಿಂತು ಒಂದು ಜೊತೆ ಬೂಟು ರೇಣುಕನ ಕೈಗಿಟ್ಟರು. ಆಗ ಬೂಟು ಆಟಗಾರನದಲ್ಲ, ತಂಡದ್ದು. ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದವು, ಹೋಗುವವನು ವಾಪಸು ಕೊಟ್ಟು ಹೋಗಬೇಕು. "ಬೂಟು ಬೇಡ ಕೇಶವಣ್ಣ," ಎಂದ ರೇಣುಕನಿಗೆ ಅವರು, "ಹುಡುಗನ್ನ ಕೊಟ್ಟ ಮೇಲೆ ಬೂಟು ಇಟ್ಕೊಂಡು ಎಂತ ಮಾಡೂದು ಮಾರಾಯ?" ಎಂದು ಹೊಳೆಯಾಚೆಗೂ ಕೇಳುವಂತೆ ನಕ್ಕಿದ್ದರು. ಆ ವರ್ಷವೇ ಫೈನಲ್ಲಿನಲ್ಲಿ ಮಲ್ಲಂದೂರಿಗೆ ಎದುರಾದದ್ದು ಕಳಸ. ರೇಣುಕ ಅದೇ ಬೂಟಿನಲ್ಲಿ, ಕೇಶವಣ್ಣನನ್ನೇ ದಾಟಿ, ಗೋಲು ಹೊಡೆದ. ಕೇಶವಣ್ಣ ಓಡಿ ಬಂದು ಅವನನ್ನು ಎತ್ತಿಕೊಂಡುಬಿಟ್ಟರು. ಈ ಕಥೆಯನ್ನು ರೇಣುಕಪ್ರಸಾದರು ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಕೇಳಿ ಕೇಳಿ ರಜನಿಗೆ ಅದರ ಗೋಲು ಎಷ್ಟನೇ ವಾಕ್ಯದಲ್ಲಿ ಬರುತ್ತದೆ ಎಂದೂ ಗೊತ್ತು.

ಕೇಶವಣ್ಣನ ತೋಟ ಕಳಸದಿಂದಾಚೆ, ಕಣಿವೆಯ ಒಳಗೆ. ಕವಲುದಾರಿ ಹಿಡಿದು ಒಂದು ಮೋರಿ ದಾಟಿದ ಮೇಲೆ ಫೋನಿನ ಕಡ್ಡಿಗಳು ಒಂದೊಂದಾಗಿ ಮಾಯವಾದವು. ರೇಣುಕಪ್ರಸಾದರು ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಸಮಾಧಾನದ್ದು ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಕಣದಲ್ಲಿ ಕಾಫಿ ಹಣ್ಣು ಹರಡಿತ್ತು. ಕೇಶವಣ್ಣ ತಲೆಗೆ ಟವೆಲು ಸುತ್ತಿ, ಉದ್ದ ಹಿಡಿಯ ಹಲಗೆಯಿಂದ ಅದನ್ನು ಎಳೆದು ತಿರುವಿ ಹಾಕುತ್ತಿದ್ದರು. ಸೊಸೆ ಸೌಂದರ್ಯ ಕೊಯ್ಲಿನವರ ಜೊತೆ ಮೇಲಿನ ತೋಟದಲ್ಲಿದ್ದಳು. ಅಲ್ಲಿಂದ ಮಾತು, ನಗು ಕೇಳಿಬರುತ್ತಿತ್ತು. ವ್ಯಾನು ಕಂಡದ್ದೇ ಕೇಶವಣ್ಣ ಹಲಗೆ ಎತ್ತಿ ಬೀಸಿದರು.

"ಓಹೋ, ಮಲ್ಲಂದೂರಿನ ಸ್ಟಾರು! ಕೊಯ್ಲಿನ ಟೈಮಲ್ಲಿ ದಾರಿ ತಪ್ತಾ ಮಾರಾಯ?"

ಅಕ್ಕಿರೊಟ್ಟಿ ಊಟವಾಯಿತು. ಆಮೇಲೆ ಇಬ್ಬರೂ ಕಣದ ಅಂಚಿನ ಕಟ್ಟೆಯ ಮೇಲೆ ಕೂತು ಹಳೆಯ ಆಟಗಳನ್ನೆಲ್ಲ ಇನ್ನೊಮ್ಮೆ ಆಡಿದರು. ಸತ್ತವರೂ ಬದುಕಿದವರೂ ಒಂದೇ ತಂಡದಲ್ಲಿ ಆಡಿದರು. ಮಾತು ಸಹಜವಾಗಿ ದರ್ಶನ್ ಕಡೆ ತಿರುಗಿತು. ಅವನ ಎಡಗಾಲು, ಅವನ ಓಟ, ಅವನು ಹೊಡೆದ ಕಾರ್ನರ್ ಕಿಕ್ಕು. ಹೇಳುತ್ತ ಹೇಳುತ್ತ ರೇಣುಕಪ್ರಸಾದರು ಎದ್ದುನಿಂತು ಕಾಲು ಬೀಸಿ ತೋರಿಸಿದರು.

"ಅಷ್ಟು ಚೆಂದ ಆಡ್ತಾನೆ ಅಂದ್ರೆ, ಯಾರೂ ಕೇಳ್ಲಿಲ್ವಾ ಅವನ್ನ?" ಎಂದರು ಕೇಶವಣ್ಣ.

ರೇಣುಕಪ್ರಸಾದರ ಬೀಸಿದ ಕಾಲು ನೆಲಕ್ಕೆ ಬಂತು. "ಕೇಳಿದಾರೆ. ಮಂಗಳೂರಿನವ್ರು."

"ಎಂತ ಹೇಳ್ದೆ?"

"ಇನ್ನೂ ಎಂತದೂ ಹೇಳಿಲ್ಲ."

"ಯಾವತ್ತು ಹೇಳ್ಬೇಕು?"

"ಇವತ್ತು ಸಂಜೆ ಒಳಗೆ. ಫೋನಲ್ಲಿ ಒತ್ಬೇಕು."

ಕೇಶವಣ್ಣ ಕಣಿವೆಯ ಸುತ್ತ ಕಣ್ಣಾಡಿಸಿದರು. "ಇಲ್ಲಿ ಫೋನು ಸಿಗೂದಿಲ್ವಲ್ಲ ರೇಣುಕ."

"ಸಿಗೂದಿಲ್ಲ."

ಬೈಯಲಿ ಎಂದು ರೇಣುಕಪ್ರಸಾದರು ಕಾದರು. ಬೈದಿದ್ದರೆ ಜಗಳವಾಡಬಹುದಿತ್ತು. ಒಂದು ಸಲ ಮೇಲಿನ ಡಿವಿಷನ್ ನೋಡಬೇಕು ಎಂದಿದ್ದೇನೆ, ಅದೂ ತಪ್ಪಾ ಎಂದು ಕೇಳಬಹುದಿತ್ತು. ಕೇಶವಣ್ಣ ಎದ್ದು ಹಲಗೆ ಹಿಡಿದು ಮತ್ತೆ ಕಾಫಿ ತಿರುವತೊಡಗಿದರು. ಹಲಗೆ ಸಿಮೆಂಟಿಗೆ ಉಜ್ಜುವ ಸದ್ದು ಕಣದ ತುಂಬ ಕೇಳುತ್ತಿತ್ತು.

ಅಷ್ಟರಲ್ಲಿ ಕೇಶವಣ್ಣನ ಹೆಂಡತಿ ಕೃಷ್ಣಮ್ಮ ಕಾಫಿ ತಂದರು. ಮೆಟ್ಟಿಲ ಬಳಿ ಬಿಟ್ಟಿದ್ದ ರೇಣುಕಪ್ರಸಾದರ ಬೂಟುಗಳನ್ನು ಕಾಲಿನಿಂದ ಸ್ವಲ್ಪ ಸರಿಸಿ ನಕ್ಕರು. "ನಿಮ್ಮ ಬೂಟು ಕಂಡ್ರೆ ನಂಗೆ ಈಗ್ಲೂ ಅರಿಶಿನ ನೆನಪಾಗ್ತದೆ ನೋಡಿ."

"ಅರಿಶಿನ ಯಾಕೆ ಅತ್ತಿಗೆ?"

"ಅಯ್ಯೋ, ಮದುವೆಯಾಗಿ ಬಂದ ಹೊಸತು. ನಿಮಗೆ ಬೂಟು ಕೊಟ್ಟು ಇವ್ರು ಆ ವರ್ಷ ಪೂರ್ತಿ ಬರಿಗಾಲಲ್ಲಿ ಆಡಿದ್ರಲ್ಲ. ಆಡಿ ಬಂದಾಗೆಲ್ಲ ಬೆರಳು ಒಡ್ಕೊಂಡು ಬರೋರು. ಅರಿಶಿನ ಅರೆದೂ ಅರೆದೂ ನನ್ನ ಕೈ ಹಳದಿ ಹೋಗ್ತಾನೇ ಇರ್ಲಿಲ್ಲ. ಮದುವೆ ಅರಿಶಿನ ಇನ್ನೂ ಆರಿಲ್ವಾ ಅಂತ ನೆಂಟರೆಲ್ಲ ತಮಾಷೆ ಮಾಡೋರು."

"ಅದು ಪೆಟ್ಟಿಗೆ ಬೂಟಲ್ವಾ?"

"ಎಲ್ಲಿ ಪೆಟ್ಟಿಗೆ? ಅದು ಇವರದ್ದೇ."

"ಹಳೇದು ಬಿಡೇ," ಎಂದರು ಕೇಶವಣ್ಣ, ತಲೆ ಎತ್ತದೆ.

ರೇಣುಕಪ್ರಸಾದರಿಗೆ ಆ ಫೈನಲ್ಲು ಮತ್ತೆ ಕಣ್ಣೆದುರು ಬಂತು. ಅವರು ಸಾವಿರ ಸಲ ಹೇಳಿದ್ದ ಆಟ. ತಡೆಯಲು ಬಂದ ಕೇಶವಣ್ಣ, ಒಂದು ಗಳಿಗೆ ಹಿಂಜರಿದ ಕೇಶವಣ್ಣ, ಆ ಒಂದು ಗಳಿಗೆಯಲ್ಲಿ ದಾಟಿ ಹೋದ ತಾನು. ಆಗೆಲ್ಲ ಬರಿಗಾಲಲ್ಲಿ ಆಡುವವರು ಎಷ್ಟೋ ಜನ, ಕ್ಯಾಪ್ಟನ್ನಿನ ಕಾಲ ಕಡೆ ನೋಡಿದವರು ಯಾರು? ತನ್ನ ಕಥೆಯಲ್ಲಿ ಆ ಪಾದಗಳು ಯಾವತ್ತೂ ಬಂದಿರಲಿಲ್ಲ.

"ಯಾಕೆ ಕೊಟ್ರಿ ಕೇಶವಣ್ಣ?"

"ಪೆಟ್ಟಿಗೇಲಿ ನೆಟ್ಟಗಿರೋದು ಒಂದೂ ಇರ್ಲಿಲ್ಲ. ನಂದು ನಿನ್ನ ಕಾಲಿಗೆ ಸರಿಯಾಗ್ತಿತ್ತು. ಬರಿಗಾಲಲ್ಲಿ ಕಳಿಸಿದ್ರೆ ಮಲ್ಲಂದೂರಿನವ್ರು ಎಂತ ಅಂದ್ಕೊಳ್ಳೋರು? ಗತಿಗೆಟ್ಟವನ್ನ ತಂದ್ವಿ ಅನ್ನೋರು."

"ನಿಮಗೆ ಬೇಜಾರಾಗ್ಲಿಲ್ವಾ?"

ಕೇಶವಣ್ಣ ಹಲಗೆಗೆ ಗಲ್ಲ ಊರಿ ನಿಂತರು. "ಆಗ್ದೇ ಇರ್ತದಾ ಮಾರಾಯ? ಆ ರಾತ್ರಿ ಊಟ ಸೇರ್ಲಿಲ್ಲ, ಇವಳನ್ನೇ ಕೇಳು. ನೀನು ಹೋದ್ರೆ ನಮ್ಮ ಕಪ್ಪು ಹೋಯ್ತು ಅಂತ ನಂಗೊತ್ತಿತ್ತು. ಆದ್ರೆ ನಿನ್ನೆದುರು ಮುಖ ಸಣ್ಣ ಮಾಡಿದ್ರೆ ನೀನು ಅದನ್ನೇ ಹೊತ್ಕೊಂಡು ಹೋಗ್ತಿದ್ದೆ. ಹಿಂದೆ ತಿರುಗಿ ನೋಡ್ತಾ ಓಡೋನಿಗೆ ಚೆಂಡು ಕಾಣ್ತದಾ? ಅದಕ್ಕೆ ನಕ್ಕೆ. ಸ್ವಲ್ಪ ಜೋರಾಗೇ ನಕ್ಕೆ."

ರೇಣುಕಪ್ರಸಾದರು ಅರ್ಧ ಕುಡಿದ ಕಾಫಿ ಕಟ್ಟೆಯ ಮೇಲಿಟ್ಟರು. ಬಿಸಿಲು ಆಗಲೇ ಕಣದ ಆಚೆ ಅಂಚಿಗೆ ಸರಿದಿತ್ತು. ಬೂಟು ಮೆಟ್ಟಿಕೊಳ್ಳಲು ಬಗ್ಗಿದಾಗ ಲೇಸು ಕಟ್ಟಲು ಕೈ ಬರಲಿಲ್ಲ, ಹಾಗೇ ಎದ್ದರು.

"ಕಾಫಿ ಪೂರ್ತಿ ಕುಡೀರಿ," ಎಂದರು ಕೃಷ್ಣಮ್ಮ.

"ಬಿಡೇ, ಹೋಗ್ಲಿ ಅವನು," ಎಂದರು ಕೇಶವಣ್ಣ. ಆಮೇಲೆ ವ್ಯಾನಿನ ಕಡೆ ಕೂಗಿ ಹೇಳಿದರು: "ಮೇಲೆ ಮೋರಿ ಹತ್ರ ಸಿಗ್ತದೆ!"

ಆ ಏರು ಇಷ್ಟು ಉದ್ದ ಎಂದು ಬರುವಾಗ ಗೊತ್ತಾಗಿರಲಿಲ್ಲ. ಎದುರಿನಿಂದ ಕಾಫಿ ಮೂಟೆ ಹೇರಿಕೊಂಡ ಜೀಪೊಂದು ಬಂತು. ಅದಕ್ಕೆ ದಾರಿ ಬಿಡಲು ವ್ಯಾನನ್ನು ಹಿಂದಕ್ಕೆ ಸರಿಸುವಾಗ ರೇಣುಕಪ್ರಸಾದರು ತಮ್ಮನ್ನೇ ಬೈದುಕೊಂಡರು. ಬೆಳಿಗ್ಗೆ ಮಾಯವಾಗಲಿ ಎಂದು ಕಾದ ಕಡ್ಡಿಗಳನ್ನು ಈಗ ಒಂದು ಕಣ್ಣಲ್ಲಿ ಹುಡುಕುತ್ತ, ಇನ್ನೊಂದು ಕಣ್ಣಲ್ಲಿ ಇಳಿಯುವ ಹೊತ್ತನ್ನು ನೋಡುತ್ತ ಏರಿದರು.

ಮೋರಿಯ ಹತ್ತಿರ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಮಂಗಳೂರಿನವರ ತಪ್ಪಿದ ಕರೆಗಳು, ಸಮಿತಿಯವರ ತಪ್ಪಿದ ಕರೆಗಳು. ದರ್ಶನನದು ಒಂದೇ ಒಂದು ಮೆಸೇಜು. ಬೇಡಿಕೊಂಡಿರುತ್ತಾನೆ, ಇಲ್ಲವೇ ಸಿಟ್ಟಾಗಿರುತ್ತಾನೆ ಎಂದುಕೊಂಡು ಅವರು ಅಳುಕುತ್ತಲೇ ತೆರೆದರು.

'ಸರ್, ಕಳಸಕ್ಕೆ ಹೋಗಿದೀರಂತೆ, ರಜನಿ ಆಂಟಿ ಹೇಳಿದ್ರು. ಬ್ರೇಕ್ ಸರಿ ಇಲ್ಲ. ಇಳಿಜಾರಲ್ಲಿ ಹುಷಾರು. ಅರ್ಜೆಂಟ್ ಇಲ್ಲ, ನಿಧಾನ ಬನ್ನಿ.'

ಅಷ್ಟೇ. ತನ್ನ ವಿಷಯ ಒಂದಕ್ಷರ ಇಲ್ಲ. ಈ ಮನುಷ್ಯ ಬಚ್ಚಿಟ್ಟುಕೊಂಡಿದ್ದಾನೆ ಎಂಬ ಅನುಮಾನವೇ ಆ ಹುಡುಗನಿಗೆ ಬಂದಿರಲಿಲ್ಲ. ರೇಣುಕಪ್ರಸಾದರಿಗೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಆಗಬಾರದಷ್ಟು ಆಯಿತು. ಮೋರಿಯ ಕಟ್ಟೆಯ ಮೇಲೆ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, 'ಒಪ್ಪಿಗೆ' ಎಂಬಲ್ಲಿ ಬೆರಳಿಟ್ಟು ಒತ್ತಿದರು. ಒಂದು ಹಸಿರು ಗುರುತು ಬಂತು. ಎಲೆ ಅಡಿಕೆಯಿಲ್ಲ, ನಡುಗೆರೆಯಿಲ್ಲ, ನೋಡುವವರೂ ಇಲ್ಲ.

ಆಮೇಲೆ ದರ್ಶನನಿಗೆ ಫೋನು ಮಾಡಿದರು.

"ಎಂತ ಮಾರಾಯ, ಮಂಗಳೂರಿನವನಾದೆಯಲ್ಲ!"

"ಒತ್ತಿಬಿಟ್ರಾ ಸರ್?" ಆಮೇಲೆ ಹುಡುಗ ಮೆಲ್ಲಗೆ ಕೇಳಿದ. "ಸರ್, ನೀವು... ನಿಮಗೆ ಬೇಜಾರಿಲ್ವಾ?"

ರೇಣುಕಪ್ರಸಾದರು ನಕ್ಕರು. ಕಣಿವೆಯಲ್ಲಿ ಕಾಫಿ ತಿರುವುತ್ತಿದ್ದವರಿಗೂ ಕೇಳಬೇಕು, ಹಾಗೆ ನಕ್ಕರು. "ಬೇಜಾರಾ? ನಂಗಾ? ಹೋಗೋ ಹೋಗು. ಮುಂದಿನ ವರ್ಷ ಮೇಲಿನ ಡಿವಿಷನ್‌ಗೆ ಬಂದು ನಿನ್ನ ಎಡಗಾಲು ಕಟ್ಟಿಹಾಕ್ತೀವಿ, ಆವಾಗ ನೋಡ್ಕೋ. ಅದಿರ್ಲಿ, ನಿನ್ನ ಬೂಟು ಎಷ್ಟನೇ ನಂಬರು?"

"ಎಂಟು ಸರ್. ಯಾಕೆ? ನನ್ನ ಹತ್ರ ಇದೆಯಲ್ಲ."

"ಇದ್ರೆ ಇರ್ಲಿ. ನಮ್ಮ ಕಡೆಯಿಂದ ಒಂದು ಜೊತೆ ಹೋಗ್ಬೇಕು. ನಾಳೆ ಮೈದಾನಕ್ಕೆ ಬಾ, ನಡುಗೆರೆ ಹತ್ರ ನಿಲ್ತೀನಿ."

ಫೋನಿಟ್ಟ ಮೇಲೂ ಅವರು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರು. ಕಣ್ಣು ತುಂಬಿ ದಾರಿ ಕಾಣುತ್ತಿರಲಿಲ್ಲ, ಬ್ರೇಕು ಬೇರೆ ಸರಿಯಿರಲಿಲ್ಲ. ಕೆಳಗಿನ ಕಣದಿಂದ ಹಲಗೆಯ ಸದ್ದು ಬಂದಂತೆನಿಸಿತು. ಬಗ್ಗಿ, ಬಿಚ್ಚಿಯೇ ಉಳಿದಿದ್ದ ತಮ್ಮ ಬೂಟಿನ ಲೇಸನ್ನು ಕಟ್ಟಿಕೊಂಡು ಎದ್ದರು.