ಫಲಕದ ಹಿಂದಿನ ಅಂಗಿ

ಹಕ್ಕುಗಳ ಸಂಘದ ಅಧ್ಯಕ್ಷರಿಗೆ ಮೈಕಪ್ಪ ಅಂತ ಊರೇ ಹೆಸರಿಟ್ಟಿತ್ತು. ಮೈಕು ಒಮ್ಮೆ ಕೈಗೆ ಸಿಕ್ಕಿತೆಂದರೆ, ಬಿಡಿಸಲು ಕರೆಂಟೇ ಹೋಗಬೇಕಿತ್ತು. ವರ್ಷವರ್ಷವೂ ಉದ್ಯಾನದ ಮೆರವಣಿಗೆಯ ನೆನಪಿನ ದಿನ ಅವರದೇ ಭಾಷಣ. ಹಿಂದಿನ ಕಾಲದಲ್ಲಿ ಕೆಳಗಿನ ಬೀದಿಯವರು ಊರಿನ ಉದ್ಯಾನದೊಳಗೆ ಕಾಲಿಡುವ ಹಾಗಿರಲಿಲ್ಲ, ಬೆಂಚುಗಳೆಲ್ಲ ಮೇಲಿನ ಬೀದಿಯವರಿಗೆ. ಸಂಘದವರು ಮೆರವಣಿಗೆ ಹೋಗಿ, ಪೊಲೀಸರ ಕೈಲಿ ಏಟು ತಿಂದು, ಗೇಟು ತೆಗೆಸಿದ್ದರು. ಅದರಲ್ಲಿ ತಮ್ಮ ಪಾಲಿನ ಏಟನ್ನು ಮೈಕಪ್ಪ ಬಣ್ಣಿಸುತ್ತಿದ್ದರು. ಆ ಏಟು ಮೊದಮೊದಲು ಬೆನ್ನಿಗೆ ಬಿದ್ದಿತ್ತು, ಬರಬರುತ್ತಾ ಕಾಲಿಗಿಳಿಯಿತು. ವೇದಿಕೆ ಹತ್ತುವಾಗ ಕುಂಟುತ್ತಿದ್ದರು. ಯಾವ ಕಾಲು ಅನ್ನೋದು ಮೆಟ್ಟಿಲು ಯಾವ ಕಡೆಗಿದೆ ಅನ್ನೋದರ ಮೇಲೆ.

ನಿಜ ಹೇಳಬೇಕೆಂದರೆ, ಆ ದಿನ ಅವರು ಮನೆಯಲ್ಲೇ ಇದ್ದರು. ತಾಯಿಗೆ ಹಲ್ಲುನೋವು ಅಂತ ಹೆಂಡತಿ ಬೆಳಗ್ಗೆಯೇ ಮಗುವನ್ನು ಇವರ ಮಡಿಲಿಗೆ ಹಾಕಿ ತವರಿಗೆ ಹೋಗಿದ್ದಳು. ಮೆರವಣಿಗೆಗೆ ಹೋದರೆ ಕೆಲಸ ಹೋದೀತು ಅನ್ನುವ ಅಳುಕು ಮೊದಲೇ ಇತ್ತು, ಮಗು ಒಳ್ಳೆಯ ನೆಪವಾಯಿತು. ಬೀದಿಯಲ್ಲಿ ಗದ್ದಲ ಕೇಳಿಸಿದಾಗ ಕಿಟಕಿ ಮುಚ್ಚಿಕೊಂಡರು. ಸಂಜೆ ಗೇಟು ತೆಗೆದ ಸುದ್ದಿ ಬಂತು. ಹೆಂಡತಿ ಮನೆಗೆ ಬಂದಾಗ, "ಮಗೂನ ಪಕ್ಕದ ಮನೇಲಿ ಬಿಟ್ಟು ನಾನೂ ಹೋಗಿದ್ದೆ ಕಣೇ" ಅಂದರು. ಅವಳು "ಹೌದಾ" ಅಂದು ಒಲೆ ಹಚ್ಚಿದಳು. ನಿಜ ಗೊತ್ತಿದ್ದದ್ದು ಮಗುವಿಗೆ ಮಾತ್ರ, ಅದಕ್ಕಾಗ ಮಾತು ಬರುತ್ತಿರಲಿಲ್ಲ. ಹೇಳಿ ಹೇಳಿ ಕೊನೆಗೆ ಮೈಕಪ್ಪನಿಗೇ ಚಳಿಗಾಲದಲ್ಲಿ ಆ ಏಟು ನೋಯತೊಡಗಿತ್ತು.

ಹೀಗಿರುವಾಗ ಸಂಘದ ಹಳೆಯ ಫೋಟೋಗಳನ್ನೆಲ್ಲ ಪಟ್ಟಿ ಮಾಡಿಸುವ ಕೆಲಸ ಶುರುವಾಯಿತು. ಬಿಸ್ಕತ್ತಿನ ಡಬ್ಬಗಳಲ್ಲಿ ಒಂದಕ್ಕೊಂದು ಅಂಟಿ ಕೂತಿದ್ದ ಫೋಟೋಗಳನ್ನು ಬಿಡಿಸಲು ಗ್ರಂಥಾಲಯದಿಂದ ಒಬ್ಬ ಹುಡುಗಿ ಬಂದಳು. ಬಿಳಿ ಕೈಗವಸು ತೊಟ್ಟು, ಒಂದೊಂದು ಫೋಟೋವನ್ನೂ ಎಳೆಗೂಸಿನ ಹಾಗೆ ಎತ್ತುತ್ತಿದ್ದಳು. ಅವಳ ನಿಯಮ ಒಂದೇ: ಫೋಟೋದಲ್ಲಿರುವವರು ಇಂಥವರೇ ಅನ್ನಲು ಇಬ್ಬರು ಸಹಿ ಹಾಕಬೇಕು. ಒಬ್ಬರು ತಾವೇ ಆದರೂ ಸರಿ, ಇನ್ನೊಬ್ಬರು ಬೇರೆಯವರಿರಬೇಕು. ಇಲ್ಲದಿದ್ದರೆ 'ಗೊತ್ತಿಲ್ಲ' ಅಂತ ಬರೆಯುವುದು.

ನಿಯಮ ಕೇಳಿದ್ದೇ ತಡ, ಸಂಘದ ಹಿರಿಯರೆಲ್ಲ ನೀನು ನನಗೆ ಸಾಕ್ಷಿ, ನಾನು ನಿನಗೆ ಸಾಕ್ಷಿ ಅಂತ ಜೋಡಿ ಜೋಡಿಯಾಗಿ ಬಂದರು. ಬೋಳುತಲೆಯವರು ದಟ್ಟ ಗುಂಗುರು ಕೂದಲಲ್ಲಿ ತಮ್ಮನ್ನು ಕಂಡುಕೊಂಡರು. ಒಂದು ಕಂಬದ ಹಿಂದೆ ಕಾಣುತ್ತಿದ್ದ ಒಂದೇ ಕಿವಿಗೆ ಮೂರು ಮಂದಿ ವಾರಸುದಾರರು ಹುಟ್ಟಿಕೊಂಡರು. ಅವರಲ್ಲೊಬ್ಬರು ಸಂಘದ ಖಜಾಂಚಿ, ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಝಣಗುಟ್ಟುತ್ತಿದ್ದರಿಂದ ಊರವರ ಬಾಯಲ್ಲಿ ಕೀಲಿಕೈ.

"ಕಿವಿ ನನ್ನದು ಅಂತ ಒಂದು ಸಹಿ ಹಾಕು ಮಾರಾಯಾ" ಅಂದರು ಕೀಲಿಕೈ.

"ನಿನ್ನ ಕಿವಿ ಇಷ್ಟು ಚೆನ್ನಾಗಿ ಯಾವತ್ತಿತ್ತು?" ಅಂದರು ಮೈಕಪ್ಪ.

ಅಲ್ಲಿಗೆ ಕೀಲಿಕೈ ಮುಖ ತಿರುಗಿಸಿಕೊಂಡು ಹೋದವರು ಮಾತು ಬಿಟ್ಟರು.

ಮಾರನೇ ದಿನ ಹುಡುಗಿ ಮೆರವಣಿಗೆಯ ಫೋಟೋ ಬಿಡಿಸಿದಳು. ಎಲ್ಲರಿಗಿಂತ ಮುಂದೆ ಒಬ್ಬ ತೆಳ್ಳನೆಯ ಆಳು, 'ಎಲ್ಲರೂ ಸಮಾನರು' ಅನ್ನುವ ಫಲಕವನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಅವನ ಮೇಲೆ ಲಾಠಿ ಎತ್ತಿದ ಪೊಲೀಸು. ಕಾಣುತ್ತಿದ್ದದ್ದು ಅಂಗಿ, ಪ್ಯಾಂಟು, ಬೆರಳು, ಅಷ್ಟೇ. "ಇದನ್ನ ದೊಡ್ಡದು ಮಾಡಿ ಬಾಗಿಲಲ್ಲಿ ಹಾಕ್ತೀವಿ, ಕೆಳಗೆ ಹೆಸರು ಬೇಕು" ಅಂದಳು ಹುಡುಗಿ.

ಮೈಕಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿದರು. ಮೊಣಕೈಯಲ್ಲಿ ಹಿಟ್ಟಿನ ಚೀಲದ ತೇಪೆ, ತೇಪೆಯ ಮೇಲೆ ಚೀಲದ ಅರ್ಧಚಂದ್ರದ ಅಚ್ಚು. ಅದು ಅವರದೇ ಅಂಗಿ. ಎಷ್ಟು ವರ್ಷ ತೊಟ್ಟಿದ್ದರು ಅದನ್ನು! ಹಾಗಾದರೆ ಹೋಗಿದ್ದೆನೋ ಏನೋ, ಮನೆಯಲ್ಲಿದ್ದೆ ಅಂತ ನಾನೇ ತಪ್ಪು ತಿಳಿದಿದ್ದೆನೋ ಅಂತ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಒಂದು ಗಳಿಗೆ ಅನ್ನಿಸಿದ್ದು ಅವರಿಗೆ ಸಾಕಾಯಿತು.

"ಇದು ನಾನೇ" ಅಂದು ಸಹಿ ಎಳೆದರು.

"ಇನ್ನೊಬ್ಬರು?" ಅಂದಳು ಹುಡುಗಿ.

ಕೀಲಿಕೈ ಹತ್ತಿರ ಹೋಗುವ ಹಾಗಿಲ್ಲ. ಉಳಿದವರೆಲ್ಲ ಆ ಫಲಕದ ಹಿಂದೆ ತಾವೇ ಇದ್ದೇವೆ ಅಂತ ಹೊಂಚು ಹಾಕುತ್ತಿದ್ದರು. ಮೈಕಪ್ಪ ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕರೆಸಿದರು. ಅಷ್ಟು ವರ್ಷ ತಮ್ಮ ಭಾಷಣಕ್ಕೆ ತಲೆಯಾಡಿಸಿದವಳು ಇದೊಂದಕ್ಕೆ ಸಹಿ ಹಾಕಲಾರಳೇ?

ಅವಳು ತರಕಾರಿ ಚೀಲವನ್ನು ಕುರ್ಚಿಯ ಕಾಲಿಗೆ ಒರಗಿಸಿ ಕೂತಳು. ಫೋಟೋವನ್ನು ದೂರ ಹಿಡಿದಳು, ಹತ್ತಿರ ತಂದಳು.

"ಅಂಗಿ ಇವರದೇ. ತೇಪೆ ನಾನೇ ಹಾಕಿದ್ದು."

ಮೈಕಪ್ಪ ಹುಡುಗಿಯ ಕಡೆ ನೋಡಿ ನಕ್ಕರು. "ಕೇಳಿಸ್ತೇನಮ್ಮಾ? ಬರ್ಕೋ."

"ಅಂಗಿ ಸರಿ ಅಮ್ಮಾ. ಒಳಗಿರೋದು ಇವರೇನಾ?"

"ಒಳಗಿರೋದು ನಾನು" ಅಂದಳು ಅವಳು.

ಮೈಕಪ್ಪನ ನಗು ಅಲ್ಲೇ ನಿಂತಿತು. "ಏನೇ ಇದು ತಮಾಷೆ?"

"ತಮಾಷೆ ಏನು ಬಂತು? ಹೆಂಗಸರು ಹಿಂದೆ ನೀರಿನ ಡ್ರಮ್ಮಿನ ಹತ್ರ ನಿಂತ್ಕೊಳ್ಳಿ, ಮುಂದೆ ಬರಬೇಡಿ ಅಂತ ನಿಮ್ಮ ಸಂಘದೋರೇ ಹೇಳಿರಲಿಲ್ವಾ? ಸಮಾನತೆ ಬಂದ್ಮೇಲೆ ಬರುವಿರಂತೆ ಅಂದ್ರು. ಅದಕ್ಕೇ ನಿಮ್ಮ ಅಂಗಿ ಪ್ಯಾಂಟು ಹಾಕ್ಕೊಂಡೆ. ಆಗ ನೀವೂ ನನ್ನಷ್ಟೇ ಇದ್ರಿ. ಸಂಘದೋರು ಗುರುತು ಹಿಡೀಬಾರದು ಅಂತ ಫಲಕ ಅಡ್ಡ ಹಿಡಿದೆ."

"ಅಮ್ಮನಿಗೆ ಹಲ್ಲುನೋವು ಅಂದಿದ್ದೆ!"

"ಅಮ್ಮನಿಗೆ ಹಲ್ಲೇ ಇರಲಿಲ್ಲವಲ್ರೀ."

ಮೈಕಪ್ಪನಿಗೆ ತಟ್ಟನೆ ಆ ಸಂಜೆ ಕಣ್ಣಿಗೆ ಕಟ್ಟಿತು. ಹಗ್ಗದ ಮೇಲೆ ಒದ್ದೆ ಅಂಗಿ, ಯಾಕೆ ಒಗೆದೆ ಅಂತ ತಾವು ಕೇಳಿದ್ದು.

"ಅಂಗಿ ಮೇಲೆ ಮಗು ಕಕ್ಕಿತು ಅಂತ ಹೇಳಿದ್ಯಲ್ಲೇ! ನಾನು ನಂಬಿದ್ನಲ್ಲ! ಇಡೀ ದಿನ ಮಗು ನನ್ನ ಮಡಿಲಲ್ಲೇ ಇತ್ತು, ಒಂದು ಸಲಾನೂ ಕಕ್ಕಿರಲಿಲ್ಲ!"

ಹುಡುಗಿ ಪೆನ್ಸಿಲು ಎತ್ತಿದವಳು ಎತ್ತಿದ ಹಾಗೇ ಇದ್ದಳು. ಬಾಯಿಂದ ಏನು ಬಿತ್ತು ಅಂತ ಮೈಕಪ್ಪನಿಗೆ ಅರಿವಾಗುವಷ್ಟರಲ್ಲಿ ಅದು ನೆಲ ಮುಟ್ಟಿತ್ತು.

"ನಿನಗೆ ಮೊದಲೇ ಗೊತ್ತಿತ್ತೇನೇ, ನಾನು ಹೋಗಿರಲಿಲ್ಲ ಅಂತ?" ಮೆಲ್ಲಗೆ ಕೇಳಿದರು.

"ನಿಮ್ಮ ಅಂಗಿ ನನ್ನ ಮೈಮೇಲಿತ್ತು. ಇದ್ದ ಒಂದು ಪ್ಯಾಂಟೂ ನನ್ನ ಹತ್ರಾನೇ ಇತ್ತು. ಇನ್ನು ಹೇಗೆ ಹೋಗ್ತೀರಿ?"

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಅಷ್ಟು ಚೆನ್ನಾಗಿ ಹೇಳ್ತಿದ್ರಿ. ನನಗೆ ಬಿದ್ದ ಏಟನ್ನ ನಾನು ಹೇಳಿದ್ರೂ ಅಷ್ಟು ಚೆನ್ನಾಗಿ ಬರ್ತಿರಲಿಲ್ಲ. ಕಾಲಿಗೆ ಬಿದ್ದಿದ್ದಲ್ಲ ಅನ್ನೋದೊಂದು ಬಿಟ್ರೆ."

ಹುಡುಗಿ ಸಹಿಯ ಚೀಟಿಯನ್ನು ಮುಂದೆ ಸರಿಸಿದಳು. "ಅಮ್ಮನ ಹೆಸರು ಬರೀಬೇಕು ಅಂದ್ರೂ ಇಬ್ಬರು ಬೇಕು. ಅಮ್ಮ ಒಬ್ಬರು. ಇನ್ನೊಬ್ಬರು ಅಂದ್ರೆ..." ಅಂದು ಮೈಕಪ್ಪನ ಕಡೆ ನೋಡಿದಳು.

"ಬೇಡ ಬಿಡಮ್ಮ, ಗೊತ್ತಿಲ್ಲ ಅಂತ ಬರ್ಕೋ" ಅಂದಳು ಹೆಂಡತಿ, ತರಕಾರಿ ಚೀಲಕ್ಕೆ ಕೈಹಾಕುತ್ತಾ. "ಅನ್ನಕ್ಕೆ ಹೊತ್ತಾಯ್ತು."

ಮೈಕಪ್ಪನ ಮುಂದೆ ಚೀಟಿ ಇತ್ತು. ಸಹಿ ಹಾಕಿದರೆ ಆ ದಿನ ಅಂಗಿ ತಮ್ಮ ಮೈಮೇಲಿರಲಿಲ್ಲ ಅಂತ ಒಪ್ಪಿದ ಹಾಗೆ. ಕಾಲು ಹೋಯಿತು, ಏಟು ಹೋಯಿತು, ಬಾಗಿಲಿನ ಫೋಟೋವೂ ಹೋಯಿತು. ಹಾಕದಿದ್ದರೆ ಅವಳು 'ಗೊತ್ತಿಲ್ಲ'. ಅವಳು ಬಾಗಿಲವರೆಗೆ ಹೋಗಿಬಿಟ್ಟಿದ್ದಳು. ಮೈಕಪ್ಪ ತಮ್ಮ ಮೊದಲಿನ ಸಹಿಯನ್ನು ಹೊಡೆದುಹಾಕಿ, ಅವಳ ಹೆಸರಿನ ಎದುರು ಇನ್ನೊಂದು ಹಾಕಿದರು. ಹಾಕಿದ ಮೇಲೂ ಪೆನ್ನು ಕೆಳಗಿಡಲಿಲ್ಲ.

"ಅಲ್ಲಮ್ಮಾ, ಅಂಗಿ ಮಾತ್ರ ನನ್ನದು ಅಂತ ಒಂದು ಮಾತು ಸೇರಿಸೋಕಾಗಲ್ವಾ?"

ಹುಡುಗಿ ನಿಯಮ ಯೋಚಿಸಿದಳು. "ಅಂಗಿಗೆ ಇಬ್ಬರೂ ಸಾಕ್ಷಿ ಇದ್ದೀರಿ. ಬರೀಬಹುದು."

ಹಾಗೇ ಬಾಗಿಲಲ್ಲಿ ಆಳೆತ್ತರದ ಫೋಟೋ ಬಂತು. ಕೆಳಗೆ ಹೆಂಡತಿಯ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ: ಅಂಗಿ, ಅಧ್ಯಕ್ಷರದು.

ಆ ವರ್ಷದ ನೆನಪಿನ ದಿನ ಮೈಕಪ್ಪ ಅಂಗಿಯ ಮೇಲೆಯೇ ಮಾತಾಡಿದರು. ಬಟ್ಟೆ ಕೊಂಡದ್ದು, ಹೊಲಿಸಿದ್ದು, ಅದು ಸಹಿಸಿದ್ದು. ಕರೆಂಟು ಹೋಗಲಿಲ್ಲ. ಕೊನೆಗೆ ಹೆಂಡತಿಯೇ ಎದ್ದು ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೈಕು ತಗೊಂಡಳು.

"ಅವತ್ತು ಇಡೀ ದಿನ ಮಗು ನೋಡ್ಕೊಂಡವರು ಇವರು" ಅಂದಳು. "ಒಂದು ಸಲಾನೂ ಕಕ್ಕಿಸಲಿಲ್ಲ."

ಮೈಕು ಇಟ್ಟು ಹೋಗಿ ಕೂತಳು. ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಯಾರಿಗೆ ಅಂತ ತಿಳಿಯದೆ ಮೈಕಪ್ಪ ಕೈಮುಗಿದರು. ಇಳಿಯುವಾಗ ಅಭ್ಯಾಸಬಲದಿಂದ ಒಂದು ಮೆಟ್ಟಿಲು ಕುಂಟಿದರು. ಎರಡನೆಯದಕ್ಕೆ ನೆನಪಾಗಿ ನೆಟ್ಟಗೆ ಇಳಿದರು.